ರಾಜ್ಯದ ಗಡಿಗಿಂತ ಮೊದಲು ಹೊಲದ ಎಲ್ಲೆ ನೋಡಿ: ದೋಆಬ್ ಬಗ್ಗೆ ಸಂಶೋಧನೆ ಮಾಡಬೇಕೆಂದಿರುವವರಿಗೆ ಉತ್ತರ

ಪ್ರಶ್ನೆ: ನಾನು ಸಿಂಧನೂರು ಕಡೆಯವಳು. ಎಂ.ಎ. ಇತಿಹಾಸ, ಎರಡನೇ ವರ್ಷ. ಕೃಷ್ಣಾ, ತುಂಗಭದ್ರಾ ನದಿಗಳ ನಡುವಿನ ರಾಯಚೂರು ದೋಆಬ್‌ನ ಗಡಿ ಇತಿಹಾಸದ ಮೇಲೆ ಪಿಎಚ್.ಡಿ. ಮಾಡಿ ಮುಂದೆ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಬೇಕು ಅಂತ ಆಸೆ. ಒಬ್ಬರು ಮೇಷ್ಟ್ರು "ದೋಆಬ್ ಬಗ್ಗೆ ಎಲ್ಲಾ ಬರೆದಾಗಿದೆ, ಬೇರೆ ವಿಷಯ ನೋಡು" ಅಂದರು. ಮನೆಯಲ್ಲಿ "ಇದರಿಂದ ಹೊಟ್ಟೆ ತುಂಬುತ್ತಾ" ಅಂತ ಕೇಳುತ್ತಾರೆ. ನಿಜಕ್ಕೂ ಏನಾದರೂ ಉಳಿದಿದೆಯಾ? ಯಾವ ಭಾಷೆ ಕಲಿಯಬೇಕು? ಎಲ್ಲಿಂದ ಶುರು ಮಾಡಲಿ?

ಉತ್ತರ:

ಉಳಿದಿದೆ. ಬೇಕಾದಷ್ಟಿದೆ. ನಿಮ್ಮ ಮೇಷ್ಟ್ರು ಹೇಳಿದ್ದು ಅರ್ಧ ನಿಜ. ದೋಆಬ್‌ಗಾಗಿ ನಡೆದ ಯುದ್ಧಗಳ ಬಗ್ಗೆ ಬರೆದಾಗಿದೆ. ದೋಆಬ್‌ನಲ್ಲಿ ಬದುಕಿದವರ ಬಗ್ಗೆ ಬರೆದದ್ದು ತೀರಾ ಕಡಿಮೆ. ನಾನು ಇದೇ ನೆಲದ ಇತಿಹಾಸ ಓದುತ್ತಾ, ಪಾಠ ಮಾಡುತ್ತಾ ಮೂವತ್ತು ವರ್ಷದ ಹತ್ತಿರ ಬಂದೆ. ಆದ್ದರಿಂದ ಸ್ವಲ್ಪ ಉದ್ದವಾಗೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಸಂಶೋಧನೆಗೆ ಸೇರಿದ ಮೊದಲ ವರ್ಷ ನಾನು ಮಾಡಿದ ಕೆಲಸ ನಕ್ಷೆ ಬರೆಯೋದು. ಟ್ರೇಸಿಂಗ್ ಪೇಪರ್ ಇಟ್ಟು ಚಾಲುಕ್ಯರಿಗೆ ಕೆಂಪು, ಚೋಳರಿಗೆ ಹಸಿರು, ಕಾಕತೀಯರಿಗೆ ನೀಲಿ ಅಂತ ಗೆರೆ ಎಳೆದು, ತಿಂಗಳಾನುಗಟ್ಟಲೆ ಕೂತು ಮುಗಿಸಿ ನನ್ನ ಗೈಡ್ ಮುಂದೆ ಇಟ್ಟೆ. ಅವರು ತುಂಬಾ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು: "ಈ ಗೆರೆ ಯಾವ ಶಾಸನದಲ್ಲಿದೆ?" ಯಾವುದರಲ್ಲೂ ಇರಲಿಲ್ಲ. ಶಾಲೆಯ ಅಟ್ಲಾಸ್‌ನಲ್ಲಿ ಇತ್ತು, ನನ್ನ ತಲೆಯಲ್ಲಿ ಇತ್ತು, ಅಷ್ಟೇ.

ಅವತ್ತಿಂದ ಶಾಸನ ಓದುವಾಗ ಎಲ್ಲೆ, ಸೀಮೆ ಅನ್ನೋ ಮಾತು ಬಂದಲ್ಲೆಲ್ಲ ಗುರುತು ಹಾಕಿಕೊಳ್ಳತೊಡಗಿದೆ. ಒಂದು ಗುಡಿಗೆ ಹೊಲ ದಾನ ಕೊಟ್ಟರೆ ಅದರ ನಾಲ್ಕೂ ದಿಕ್ಕನ್ನು ಬರೆಸುತ್ತಾರೆ. ಮೂಡಲಿಗೆ ಹುಣಸೆಮರ, ತೆಂಕಲಿಗೆ ಹುತ್ತ, ಪಡುವಲಿಗೆ ಹಳ್ಳ, ಬಡಗಲಿಗೆ ನಟ್ಟ ಕಲ್ಲು, ಹೀಗೆ. ಆ ಕಲ್ಲಿನ ಮೇಲೂ ಗುರುತು ಇರುತ್ತೆ. ಶಿವನ ಗುಡಿಯ ಭೂಮಿಗೆ ಲಿಂಗಮುದ್ರೆ ಕಲ್ಲು, ಬಸದಿಯದಕ್ಕೆ ಮೂರು ಕೊಡೆಯ ಗುರುತಿನ ಮುಕ್ಕೊಡೆ ಕಲ್ಲು, ಬ್ರಾಹ್ಮಣರ ಅಥವಾ ವಿಷ್ಣು ಗುಡಿಯ ಭೂಮಿಗೆ ವಾಮನಮುದ್ರೆ ಕಲ್ಲು. ಕಿತ್ತವನಿಗೆ ಶಾಪವೂ ಕೊನೆಗೆ ಬರೆದಿರುತ್ತೆ. ಅದೇ ಶಾಸನದಲ್ಲಿ ರಾಜನ ಬಿರುದು ಹತ್ತು ಸಾಲು ಇದ್ದರೂ ಅವನ ರಾಜ್ಯ ಯಾವ ಹಳ್ಳದ ಹತ್ತಿರ ಮುಗಿಯುತ್ತೆ ಅಂತ ಇರೋದಿಲ್ಲ. ಬನವಾಸಿ 12,000, ಬೆಳ್ವೊಲ 300, ನೊಳಂಬವಾಡಿ 32,000 ಅಂತ ನಾಡಿನ ಹೆಸರು, ಅದಕ್ಕೊಂದು ಸಂಖ್ಯೆ. ಗೆರೆ ಇಲ್ಲ.

ನನ್ನ ಕೆಲಸವೆಲ್ಲ ನಿಂತಿರುವುದು ಇದರ ಮೇಲೆ. ರಾಜ್ಯದ ಅಂಚು ವರ್ಷ ವರ್ಷ ಸರಿಯುತ್ತಿತ್ತು. ಹೊಲದ ಅಂಚು ಹಾಗೇ ಇರುತ್ತಿತ್ತು. ಆ ಹುಣಸೆಮರ ಯಾವುದು ಅಂತ ಗೊತ್ತಿದ್ದ ಊರಿನವರೂ ಅಲ್ಲೇ ಇರುತ್ತಿದ್ದರು. ಹೊಸ ದೊರೆ ಬಂದರೆ ಅವನಿಗೂ ಅವರೇ ಬೇಕು, ಕಂದಾಯ ಎತ್ತೋಕೆ. ಹಾಗಾಗಿ ಗಡಿ ಇತಿಹಾಸವನ್ನು ಹೊಲದ ಎಲ್ಲೆಯಿಂದ ಶುರು ಮಾಡಿ ಅಂತ ನನ್ನ ವಿದ್ಯಾರ್ಥಿಗಳಿಗೆಲ್ಲ ಹೇಳುತ್ತೇನೆ, ನಿಮಗೂ ಅದನ್ನೇ ಹೇಳುತ್ತೇನೆ.

ನೀವು ಬಳಸಿದ ಹೆಸರನ್ನೇ ನೋಡಿ. ದೋಆಬ್ ಪಾರ್ಸಿ ಮಾತು, ಎರಡು ನೀರು ಅಂತ. ಅದಕ್ಕೂ ಹಿಂದೆ ನಮ್ಮವರು ಇದನ್ನು ಎಡೆದೊರೆ ನಾಡು ಅನ್ನುತ್ತಿದ್ದರು. ತೊರೆಗಳ ಎಡೆಯಲ್ಲಿರುವ ನಾಡು. ಎಡೆದೊರೆ 2,000 ಅಂತ ಶಾಸನಗಳಲ್ಲಿ ಬರುತ್ತೆ. ಚೋಳರ ರಾಜೇಂದ್ರ ತಾನು ಗೆದ್ದ ನಾಡುಗಳ ಪಟ್ಟಿಯನ್ನು ಕಲ್ಲಲ್ಲಿ ಕೆತ್ತಿಸಿದಾಗ ಮೊದಲು ಹೇಳೋದೇ ಇದನ್ನು, "ಇಡೈತುರೈ ನಾಡು" ಅಂತ. ತಂಜಾವೂರು ಕಡೆಯ ಗುಡಿ ಗೋಡೆಯ ಮೇಲೆ ನಿಮ್ಮ ಊರಿನ ನಾಡು ಇದೆ! ಕನ್ನಡದವರು, ತಮಿಳರು, ಪಾರ್ಸಿ ಬರೆಯುತ್ತಿದ್ದವರು ಎಲ್ಲರೂ ಇದನ್ನು ಕರೆದದ್ದು ಒಂದೇ ಅರ್ಥದಲ್ಲಿ, ನದಿಗಳನ್ನು ನೋಡಿಕೊಂಡು. ಆಳಿದವರ ಹೆಸರಿನಿಂದ ಕರೆಯಲಿಲ್ಲ. ಈ ಒಂದು ವಿಷಯ ಹಿಡಿದರೂ ಒಂದು ಅಧ್ಯಾಯ ಬರೆಯಬಹುದು ಅಲ್ವಾ?

ಇನ್ನು ಮಸ್ಕಿ. ನಿಮಗೆ ಹತ್ತಿರದ ಊರು, ಹೋಗಿರುತ್ತೀರಿ. 1915ರಲ್ಲಿ ಬೀಡನ್ ಅನ್ನೋ ಚಿನ್ನದ ಗಣಿಯ ಇಂಜಿನಿಯರ್ ಅಲ್ಲಿ ಬಂಡೆ ಮೇಲಿನ ಬರಹ ಕಂಡ. ಅಲ್ಲಿವರೆಗೆ ಸಿಕ್ಕ ಶಾಸನಗಳಲ್ಲಿ "ದೇವಾನಂಪಿಯ ಪಿಯದಸಿ" ಅಂತ ಬಿರುದು ಮಾತ್ರ ಇತ್ತು. ಮಸ್ಕಿಯಲ್ಲಿ "ಅಸೋಕಸ" ಅಂತ ಅಶೋಕನ ಹೆಸರೇ ಸಿಕ್ಕಿತು. ಇದನ್ನು ಪರೀಕ್ಷೆಗೆ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಆದರೆ ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿ ಕಡೆಯ ನಿಟ್ಟೂರು, ಉಡೇಗೋಳ, ಚಿತ್ರದುರ್ಗದ ಬ್ರಹ್ಮಗಿರಿ ಇವೆಲ್ಲವನ್ನೂ ಒಂದೇ ನಕ್ಷೆಯಲ್ಲಿ ಇಟ್ಟು ನೋಡಿದಾಗ ಮೌರ್ಯರ ತೆಂಕಣ ಅಂಚು ನಿಮ್ಮ ಮನೆ ಬಾಗಿಲಲ್ಲೇ ಇತ್ತು ಅನ್ನೋದು ಕಾಣುತ್ತೆ. ಬ್ರಹ್ಮಗಿರಿಯ ಬರಹದ ಕೊನೆಯಲ್ಲಿ ಚಪಡ ಅನ್ನೋ ಬರಹಗಾರ ತನ್ನ ಹೆಸರು ಹಾಕಿದ್ದಾನೆ. ಎಲ್ಲಾ ಬ್ರಾಹ್ಮಿಯಲ್ಲಿ ಬರೆದು, "ಲಿಪಿಕರ" ಅನ್ನೋ ಒಂದು ಪದ ಮಾತ್ರ ಖರೋಷ್ಠಿಯಲ್ಲಿ ಬರೆದ. ಖರೋಷ್ಠಿ ವಾಯವ್ಯದ ಲಿಪಿ, ಗಾಂಧಾರ ಕಡೆಯದು, ಬಲದಿಂದ ಎಡಕ್ಕೆ ಓದಬೇಕು. ಅಷ್ಟು ದೂರದ ಲಿಪಿ ಕಲಿತ ಒಬ್ಬ ಬರಹಗಾರ ಮೊಳಕಾಲ್ಮೂರಿನ ಬಂಡೆ ಮುಂದೆ ಕೂತಿದ್ದ. ನನಗೆ ಅಶೋಕನಿಗಿಂತ ಈ ಚಪಡನ ಬಗ್ಗೆ ಯೋಚನೆ ಜಾಸ್ತಿ ಬರುತ್ತೆ. ಗಡಿ ಅಂದರೆ ಇಂಥವರು ಬಂದು ಹೋಗುವ ಜಾಗ. ಇದೇ ಮಸ್ಕಿಯನ್ನು ಚೋಳ ಶಾಸನಗಳ "ಮುಸಂಗಿ" ಅಂತ ವಿದ್ವಾಂಸರು ಗುರುತಿಸುತ್ತಾರೆ. ಅಲ್ಲಿ ಚಾಲುಕ್ಯ ಜಯಸಿಂಹ ಓಡಿಹೋದ ಅಂತ ಚೋಳರು ಬರೆಸಿಕೊಂಡರು. ಗೆದ್ದವರ ಮಾತು ಅದು, ಇನ್ನೊಂದು ಕಡೆಯವರ ಶಾಸನ ಪಕ್ಕಕ್ಕಿಟ್ಟುಕೊಂಡೇ ಓದಬೇಕು.

ರಾಯಚೂರು ಕೋಟೆಯ ಒಳಗೋಡೆಯಲ್ಲಿ ಒಂದು ಕಲ್ಲಿದೆ. 40 ಅಡಿಗಿಂತ ಉದ್ದ, ಒಂದೇ ಕಲ್ಲು. 1294ರಲ್ಲಿ ಕಾಕತೀಯರ ಕಡೆಯ ಗೋರೆ ಗನ್ನಯ್ಯ ರೆಡ್ಡಿಗಾಗಿ ವಿಠಲ ಅನ್ನೋನು ಕೋಟೆ ಕಟ್ಟಿಸಿದ ಅಂತ ಅದರಲ್ಲಿದೆ. ಬರಹ ತೆಲುಗಿನದು. ನೀವು ಹೋದಾಗ ಬರಹ ಓದಿ ವಾಪಸ್ ಬರಬೇಡಿ. ಆ ಕಲ್ಲನ್ನು ಗಾಡಿ ಮೇಲೆ ಹೇರಿ ಎಳೆದು ತರುತ್ತಿರುವ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ, ಅದನ್ನು ನೋಡಿ. ಕೋಟೆ ಕಟ್ಟಿಸಿದವನ ಹೆಸರು ಇರೋದು ಎಲ್ಲ ಕಡೆ ಇದ್ದದ್ದೇ. ಕಲ್ಲು ಎಳೆದವರ ದುಡಿಮೆಯನ್ನು ಕಲ್ಲಿನಲ್ಲೇ ತೋರಿಸಿದ್ದು ಅಪರೂಪ. ನಾನು ಪ್ರತಿ ಬ್ಯಾಚ್ ವಿದ್ಯಾರ್ಥಿಗಳನ್ನೂ ಅದರ ಮುಂದೆ ನಿಲ್ಲಿಸಿ, ಇವರು ಎಲ್ಲಿಯವರು, ಕೂಲಿಯಾ ಬಿಟ್ಟಿಯಾ, ಕಲ್ಲು ಯಾವ ಗುಡ್ಡದ್ದು ಅಂತ ಕೇಳುತ್ತೇನೆ. ಉತ್ತರ ಸಿಗೋದು ಕಷ್ಟ. ಆದರೆ ಕೇಳೋ ಅಭ್ಯಾಸ ಬೀಳುತ್ತೆ.

ಯುದ್ಧದ ವಿಷಯಕ್ಕೆ ಬಂದರೂ ಇದೇ ದಾರಿ. 1520ರಲ್ಲಿ ಕೃಷ್ಣದೇವರಾಯ ರಾಯಚೂರಿಗಾಗಿ ವಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿದ ಕಥೆ ನಿಮಗೆ ಗೊತ್ತು. ನ್ಯೂನಿಜ್ ಅನ್ನೋ ಪೋರ್ಚುಗೀಸ್ ಕುದುರೆ ವ್ಯಾಪಾರಿ ಅದನ್ನು ವಿವರವಾಗಿ ಬರೆದ. ಅವನ ಲೆಕ್ಕದಲ್ಲಿ ರಾಯನ ಕಾಲಾಳು 7 ಲಕ್ಷಕ್ಕೂ ಜಾಸ್ತಿ, ಆನೆ 500ಕ್ಕೂ ಜಾಸ್ತಿ. ಕಾಲಾಳಿನ ಲೆಕ್ಕ ನಂಬೋದು ಕಷ್ಟ. ಅರ್ಧವೇ ಇಟ್ಟುಕೊಳ್ಳಿ, ಕಾಲು ಭಾಗವೇ ಇಟ್ಟುಕೊಳ್ಳಿ. ಮೇ ತಿಂಗಳ ರಾಯಚೂರಿನ ಬಿಸಿಲು ನಿಮಗೆ ಹೇಳಿಕೊಡಬೇಕಾಗಿಲ್ಲ. ಅಷ್ಟು ಜನಕ್ಕೆ ನೀರು ಎಲ್ಲಿಂದ ಬಂತು? ಆನೆ ಕುದುರೆಗೆ ಮೇವು ಯಾರ ಹೊಲದ್ದು? ತೊಗಲ ಚೀಲದಲ್ಲಿ ನೀರು ಹೊತ್ತು ದಂಡಿನ ದಾರಿಯಲ್ಲಿ ನಿಂತವರ ಬಗ್ಗೆ ನ್ಯೂನಿಜ್ ತಾನೇ ಬರೆದಿದ್ದಾನೆ. ದಂಡು ಬಂದ ವರ್ಷ ಆ ದಾರಿಯ ಊರುಗಳ ಕೆರೆ, ಬಾವಿ, ಜೋಳದ ಹಗೇವು (ನೆಲದೊಳಗಿನ ಕಣಜ) ಏನಾಗಿರಬೇಕು? ಕೃಷ್ಣದೇವರಾಯ ತೀರಿಕೊಂಡು ಒಂದೆರಡು ವರ್ಷದೊಳಗೆ ರಾಯಚೂರು, ಮುದಗಲ್ ಎರಡೂ ಮತ್ತೆ ವಿಜಾಪುರದ ಕೈಗೆ ಹೋದವು. ದಾರಿಯ ಊರಿನವರ ಪಾಲಿಗೆ ಅದು ಮತ್ತೊಂದು ದಂಡು.

ಮುದಗಲ್ ಅಂದಾಗ ನೆನಪಾಯಿತು. 1406ರ ಸುಮಾರಿನ ಯುದ್ಧವನ್ನು "ಅಕ್ಕಸಾಲಿಗನ ಮಗಳ ಯುದ್ಧ" ಅಂತಲೇ ಕರೆಯೋದುಂಟು. ವಿಜಯನಗರದ ಒಂದನೇ ದೇವರಾಯ ಮುದಗಲ್ಲಿನ ಒಬ್ಬ ಹುಡುಗಿಗೆ ಮನಸೋತು ದಂಡು ಕಳಿಸಿದ, ಅದರಿಂದ ಬಹಮನಿ ಸುಲ್ತಾನ ಫಿರೋಜ್‌ಶಹನ ಜೊತೆ ಕಾಳಗ ಆಯಿತು ಅಂತ ಕಥೆ. ಇದನ್ನು ಹೇಳಿದ್ದು ಪಾರ್ಸಿಯಲ್ಲಿ ಇತಿಹಾಸ ಬರೆದ ಫಿರಿಸ್ತಾ. ಅವನು ವಿಜಾಪುರದಲ್ಲಿ ಕೂತು ಬರೆದಿದ್ದು ಸುಮಾರು 200 ವರ್ಷ ಆದ ಮೇಲೆ. ಹಾಗಂತ ಸುಳ್ಳು ಅಂತ ಪಕ್ಕಕ್ಕೆ ತಳ್ಳಬೇಡಿ. ಎರೆ ಭೂಮಿ, ಎರಡು ಹೊಳೆ, ಹಟ್ಟಿ ಕಡೆಯ ಚಿನ್ನ ಇಷ್ಟೆಲ್ಲ ಇದ್ದ ನಾಡಿಗೆ ಹೊಡೆದಾಡೋಕೆ ಬೇರೆ ಕಾರಣ ಬೇಕಾಗಿರಲಿಲ್ಲ. ಹಾಗಿದ್ದೂ 200 ವರ್ಷದ ನಂತರ ಒಬ್ಬ ಬರಹಗಾರನಿಗೆ ಹುಡುಗಿಯ ಕಥೆಯೇ ಯಾಕೆ ಬೇಕಾಯಿತು ಅನ್ನೋದು ಒಳ್ಳೆಯ ಸಂಶೋಧನೆಯ ಪ್ರಶ್ನೆ. ನೀವು ಹೆಣ್ಣುಮಗಳಾಗಿ ಅದನ್ನು ಓದಿದರೆ ನನಗೆ ಕಾಣದ್ದು ನಿಮಗೆ ಕಾಣಬಹುದು.

ವೀರಗಲ್ಲುಗಳ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಗಡಿಯ ಜನರ ಹೆಸರು ಸಿಗೋದು ಅಲ್ಲೇ. ದನ ಹೊಡೆದುಕೊಂಡು ಹೋದರೆ ತುರುಗೊಳ್, ಊರು ಹಾಳು ಮಾಡಲು ಬಂದರೆ ಊರಳಿವು, ಹೆಂಗಸರ ಮೇಲೆ ಕೈ ಹಾಕಿದಾಗ ಎದ್ದ ಕೂಗು ಪೆಣ್ಬುಯ್ಯಲ್. ಈ ಮೂರು ಮಾತು ಶಾಸನದಲ್ಲಿ ಕಂಡರೆ ಅಲ್ಲಿ ನಿಂತು ಓದಿ. ಬೆಂಗಳೂರಿನ ಹೆಸರು ಮೊದಲು ಸಿಕ್ಕಿದ್ದೂ ಬೇಗೂರಿನ ಇಂಥದ್ದೇ ಕಲ್ಲಿನಲ್ಲಿ, "ಬೆಂಗಳೂರ ಕಾಳಗ"ದಲ್ಲಿ ಸತ್ತವನ ನೆನಪಿಗೆ. ಮಹಾನಗರದ ಹೆಸರು ಇತಿಹಾಸದೊಳಗೆ ಬಂದಿದ್ದು ಒಂದು ಜಗಳದಲ್ಲಿ ಸತ್ತವನ ಜೊತೆ.

ಕಲ್ಲು ನೋಡೋ ರೀತಿ ಒಂದಿದೆ. ಮಧ್ಯಾಹ್ನ ಹೋಗಬೇಡಿ, ಬಿಸಿಲು ನೇರ ಬಿದ್ದರೆ ಅಕ್ಷರ ಕಾಣೋದೇ ಇಲ್ಲ. ಇಳಿಹೊತ್ತಿನಲ್ಲಿ ಹೋಗಿ, ಇಲ್ಲ ಅಂದರೆ ಸಂಜೆ ಟಾರ್ಚ್ ಅನ್ನು ಕಲ್ಲಿಗೆ ಅಡ್ಡಲಾಗಿ ಹಿಡಿಯಿರಿ. ಸವೆದ ಅಕ್ಷರ ನೆರಳಿನಲ್ಲಿ ಏಳುತ್ತೆ. ಪಡಿಯಚ್ಚು ತೆಗೆಯೋದನ್ನು ಬಲ್ಲವರ ಪಕ್ಕ ಕೂತು ಕಲಿಯಿರಿ. ನೀರಲ್ಲಿ ನೆನೆಸಿದ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್‌ನಿಂದ ಮೆಲ್ಲಗೆ ಬಡಿದು, ಕಾಗದ ಅಕ್ಷರದ ಗುಳಿಯೊಳಗೆ ಕೂತ ಮೇಲೆ ಶಾಯಿ ತಟ್ಟಬೇಕು. ಅವಸರ ಮಾಡಿದರೆ ಕಾಗದ ಹರಿಯುತ್ತೆ, ಶಾಯಿ ಜಾಸ್ತಿ ಆದರೆ ಕಲ್ಲು ಹೊಲಸಾಗುತ್ತೆ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಜಾಗದಲ್ಲಿ ಅನುಮತಿ ಇಲ್ಲದೆ ಮುಟ್ಟಲೇಬಾರದು. ಊರವರು ಪೂಜೆ ಮಾಡುವ ಕಲ್ಲಾದರೆ ಹಿರಿಯರನ್ನು ಕೇಳದೆ ಎಣ್ಣೆ, ಸುಣ್ಣ ಕೆರೆಯಬೇಡಿ. ನಮ್ಮನ್ನು ನೋಡಿದರೆ ನಿಧಿ ಹುಡುಕಲು ಬಂದವರು ಅಂತ ಅನುಮಾನ ಪಡುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ. ನಿಧಿ ಆಸೆಗೆ ಕಲ್ಲು ಕಿತ್ತು, ಗುಡಿ ಅಗೆದು ಹಾಳು ಮಾಡಿದವರನ್ನು ಅವರು ಕಂಡಿದ್ದಾರೆ. ಮೊದಲು ಕಟ್ಟೆ ಮೇಲೆ ಕೂತು ಮಾತಾಡಿ. ಕಲ್ಲಲ್ಲಿ ಏನಿದೆ ಅಂತ ಅವರಿಗೇ ಮೊದಲು ಓದಿ ಹೇಳಿ. ಒಂದು ಊರಲ್ಲಿ ನಾನು ಹಾಗೆ ಓದಿದಾಗ ಕಲ್ಲಲ್ಲಿದ್ದ ಹೊಲದ ಹೆಸರು ಕೇಳಿ ಒಬ್ಬ ಅಜ್ಜ ಎದ್ದು ನಿಂತರು. ಆ ಹೆಸರಿನ ಹೊಲ ಅವರದೇ. ಕರೆದುಕೊಂಡು ಹೋಗಿ ತೋರಿಸಿದರು. ಅದು ನನ್ನ ಇಡೀ ಪ್ರಬಂಧದ ಅತಿ ಗಟ್ಟಿ ಸಾಕ್ಷಿ ಆಯಿತು.

ಗಡಿ ಅಂದ ಕೂಡಲೇ ಅಮೆರಿಕದ ಇತಿಹಾಸಕಾರ ಟರ್ನರ್ ಹೆಸರು ಹೇಳುವವರು ಸಿಗುತ್ತಾರೆ. 1893ರಲ್ಲಿ ಅವನು ಷಿಕಾಗೋದಲ್ಲಿ ಓದಿದ ಪ್ರಬಂಧ ಅದು. ಪಶ್ಚಿಮದ ಬಯಲಿಗೆ ಜನ ಸರಿಯುತ್ತಾ ಹೋದದ್ದೇ ಅಮೆರಿಕವನ್ನು ಕಟ್ಟಿತು ಅಂತ ಅವನ ವಾದ. ಓದಿ, ಬಿಡಬೇಡಿ. ಆದರೆ ದೋಆಬ್ ಮೇಲೆ ಹೊದಿಸಬೇಡಿ. ಅವನು ಖಾಲಿ ಅಂದುಕೊಂಡ ನೆಲದಲ್ಲಿ ಅಲ್ಲಿನ ಮೂಲ ಜನ ಇದ್ದರು ಅಂತ ಅವನ ನಂತರದವರೇ ಬರೆದರು. ಎಡೆದೊರೆಯಂತೂ ಯಾವ ಕಾಲದಲ್ಲೂ ಖಾಲಿ ಇರಲಿಲ್ಲ.

ಭಾಷೆ. ಮೊದಲು ಹಳಗನ್ನಡ, ಹಳೆ ಲಿಪಿಯ ಸಮೇತ. ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ಶಾಸನಶಾಸ್ತ್ರದ ಡಿಪ್ಲೊಮಾ ಇದೆ, ವಿಚಾರಿಸಿ. ತೆಲುಗು ಮಾತಾಡೋಕೆ ನಿಮಗೆ ಬರುತ್ತೆ ಅಂದುಕೊಂಡಿದ್ದೇನೆ, ಓದೋಕೂ ಕಲಿಯಿರಿ, ಒಂದೆರಡು ತಿಂಗಳ ಕೆಲಸ. ಆಮೇಲೆ ಉರ್ದು. ನಿಮ್ಮ ಜಿಲ್ಲೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಹಳೆ ಕಂದಾಯ ಕಾಗದಗಳಲ್ಲಿ ಬಹಳಷ್ಟು ಉರ್ದುವಿನಲ್ಲಿವೆ, ಹೈದರಾಬಾದಿನ ರಾಜ್ಯ ಪತ್ರಾಗಾರಕ್ಕೆ ಹೋಗಲೇಬೇಕಾಗುತ್ತೆ. ಉರ್ದು ಓದಲು ಬಂದರೆ ಪಾರ್ಸಿ ಲಿಪಿ ಅರ್ಧ ಬಂದ ಹಾಗೆ. ಎಲ್ಲಾ ಕಲಿತ ಮೇಲೆ ಶುರು ಮಾಡುತ್ತೇನೆ ಅಂತ ಕೂರಬೇಡಿ, ಮಾಡುತ್ತಾ ಕಲಿಯಿರಿ.

ಈಗ ಹೊಟ್ಟೆಪಾಡು. ಮನೆಯವರು ಕೇಳುತ್ತಿರೋದು ಸರಿಯಾದ ಪ್ರಶ್ನೆ, ನಾನು ಸಿಹಿ ಮಾತು ಹೇಳೋದಿಲ್ಲ. ಕಾಯಂ ಹುದ್ದೆ ಕಡಿಮೆ, ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಾದ ನೆಟ್, ಕೆಸೆಟ್ ಪಾಸಾದವರು ಜಾಸ್ತಿ. ಪಿಎಚ್.ಡಿ. ಮುಗಿಸಿ ವರ್ಷಗಟ್ಟಲೆ ಅತಿಥಿ ಉಪನ್ಯಾಸಕರಾಗಿ ದುಡಿಯುವವರು ಎಲ್ಲಾ ಜಿಲ್ಲೆಯಲ್ಲಿದ್ದಾರೆ. ನಾನೂ ಆರು ವರ್ಷ ಹಾಗೇ ದುಡಿದೆ, ಒಂದು ಕಾಲೇಜಿನಲ್ಲಿ ಏಳು ತಿಂಗಳ ಸಂಬಳ ಒಟ್ಟಿಗೇ ಬಂತು, ಅಲ್ಲಿವರೆಗೆ ಸಾಲ. ಹಾಗಾಗಿ ಜೆ.ಆರ್.ಎಫ್.ಗೆ (ಕಿರಿಯ ಸಂಶೋಧನಾ ಫೆಲೋಶಿಪ್) ಈಗಲೇ ಗಟ್ಟಿಯಾಗಿ ಓದಿ. 2023ರಿಂದ ಅದು ತಿಂಗಳಿಗೆ 37,000 ರೂಪಾಯಿ, ಹಿರಿಯ ಫೆಲೋಶಿಪ್ 42,000. ಸಂಶೋಧನೆಯ ಕಾಲದಲ್ಲಿ ಮನೆಯವರ ಮುಂದೆ ಕೈ ಚಾಚೋದು ತಪ್ಪುತ್ತೆ. 371ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಪ್ರಮಾಣಪತ್ರ ಮಾಡಿಸದೇ ಇದ್ದರೆ ಮಾಡಿಸಿಟ್ಟುಕೊಳ್ಳಿ. ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ ಅಂತ ನಿಯಮ, ಓಡಾಟದ ವಿಷಯ ಆದ್ದರಿಂದ ನೀವು ಐದು ಅಂತ ಇಟ್ಟುಕೊಳ್ಳಿ. ಗೈಡ್ ಆಯ್ಕೆ ಮಾಡುವಾಗ ಅವರ ಹೆಸರಿಗಿಂತ, ಅವರ ವಿದ್ಯಾರ್ಥಿಗಳು ಊರೂರು ತಿರುಗಿದ್ದಾರಾ ಇಲ್ಲವಾ ಅನ್ನೋದನ್ನು ನೋಡಿ.

ದೊಡ್ಡ ವಿಶ್ವವಿದ್ಯಾಲಯ ಸಿಗಲಿಲ್ಲ ಅಂದರೆ ಕೆಲಸ ಆಗೋದಿಲ್ಲ ಅಂದುಕೊಳ್ಳಬೇಡಿ. ತುಳುನಾಡಿನ ಇತಿಹಾಸಕ್ಕೆ ಇವತ್ತಿಗೂ ಬೇಕೇ ಬೇಕಾದ ಕೆಲಸ ಮಾಡಿದ ಪಿ. ಗುರುರಾಜ ಭಟ್ಟರು ಕಲ್ಯಾಣಪುರದ ಕಾಲೇಜಿನಲ್ಲಿದ್ದುಕೊಂಡೇ ಊರೂರು, ಗುಡಿಗುಡಿ ಸುತ್ತಿದವರು. ಧಾರವಾಡದ ಪ್ರೊಫೆಸರ್ ಷ. ಶೆಟ್ಟರ್ ವೀರಗಲ್ಲುಗಳಿಂದ ಹಿಡಿದು ಕನ್ನಡ-ತಮಿಳು ನಾಡುಗಳ ಹಳೆಯ ನಂಟಿನವರೆಗೆ ಬರೆದರು. ಎಂ. ಚಿದಾನಂದಮೂರ್ತಿ ಇತಿಹಾಸ ವಿಭಾಗದವರೇ ಅಲ್ಲ, ಕನ್ನಡ ಮೇಷ್ಟ್ರು. ಶಾಸನಗಳೊಳಗೆ ಜನಜೀವನ ಹುಡುಕೋದು ಹೇಗೆ ಅಂತ ನಮ್ಮ ಇಡೀ ತಲೆಮಾರು ಕಲಿತಿದ್ದು ಅವರಿಂದ.

ಇನ್ನು ಶುರು ಮಾಡೋದು. ಇಡೀ ದೋಆಬ್ ಬೇಡ. ಒಂದು ಹೋಬಳಿ ಹಿಡಿಯಿರಿ, ಇಪ್ಪತ್ತು ಇಪ್ಪತ್ತೈದು ಊರು ಸಾಕು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳನ್ನು ಮುಂದಿಟ್ಟುಕೊಂಡು ಆ ಊರುಗಳ ಶಾಸನ ಎಲ್ಲಾ ಪಟ್ಟಿ ಮಾಡಿ. ಪ್ರತಿ ಶಾಸನದ ಹೊಲದ ಎಲ್ಲೆಯನ್ನು ಬೇರೆ ಪುಸ್ತಕದಲ್ಲಿ ಬರೆದುಕೊಂಡು, ಕಂದಾಯ ನಕ್ಷೆ ಹಿಡಿದು ನಡೆದು ನೋಡಿ. ಹಳ್ಳ, ಕೆರೆ ಏರಿ, ಹುಡೇವು (ಕಾವಲು ಬುರುಜು), ನಟ್ಟ ಕಲ್ಲು, ಹೊಲಗಳ ಹೆಸರು. ಚಾಲುಕ್ಯರ ಕಾಲದ ಎಲ್ಲೆ ಬಹಮನಿ, ವಿಜಯನಗರ, ಆದಿಲ್‌ಶಾಹಿ, ನಿಜಾಮರ ಕಾಲ ದಾಟಿ ಎಷ್ಟು ಉಳಿದಿದೆ, ಎಲ್ಲಿ ಮುರಿದಿದೆ ಅಂತ ಒಂದು ಹೋಬಳಿಗಾದರೂ ಪೂರ್ತಿ ತೋರಿಸಿ. ನನಗೆ ಗೊತ್ತಿರುವ ಮಟ್ಟಿಗೆ ಇದು ಯಾರೂ ಮುಗಿಸಿದ ಕೆಲಸ ಅಲ್ಲ.

ಇನ್ನೊಂದು ಕೆಲಸ ಈ ಬೇಸಿಗೆಯಲ್ಲೇ ಮಾಡಿ. ತುಂಗಭದ್ರಾ ಡ್ಯಾಮ್ 1953ರಲ್ಲಿ ಮುಗಿದು ಕಾಲುವೆ ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ರೈತರು ಬಂದು ಸಿಂಧನೂರು, ಗಂಗಾವತಿ ಸುತ್ತ ಕ್ಯಾಂಪ್ ಕಟ್ಟಿಕೊಂಡರು. ಜೋಳ, ಹತ್ತಿ ಬೆಳೆಯುತ್ತಿದ್ದ ಎರೆ ಹೊಲ ಭತ್ತದ ಗದ್ದೆ ಆಯಿತು. ಭೂಮಿ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಬದು ಎಲ್ಲಿ ಒಡೆಯಿತು, ಹೊಲದ ಹಳೆ ಹೆಸರು ಯಾವಾಗ ಹೋಗಿ ಕ್ಯಾಂಪಿನ ಹೆಸರು ಬಂತು, ಇದನ್ನೆಲ್ಲ ಕಣ್ಣಾರೆ ಕಂಡವರು ಈಗ ಎಂಬತ್ತು ದಾಟಿದ್ದಾರೆ. ಕ್ಯಾಂಪಿನ ಹಿರಿಯರನ್ನೂ ಕೇಳಿ, ಹೊಲ ಮಾರಿದ ಊರಿನವರನ್ನೂ ಕೇಳಿ, ಇಬ್ಬರ ಮಾತೂ ಬೇಕು. ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ, ಊರು, ದಿನಾಂಕ, ವಯಸ್ಸು ಅಲ್ಲೇ ಬರೆದಿಡಿ. ಸಿನಾಪ್ಸಿಸ್ ಸಿದ್ಧ ಆದಾಗ ಕಳಿಸಿ, ಓದಿ ಹೇಳುತ್ತೇನೆ.